ಊರೊಟ್ಟಿನ ಆಸ್ತಿ

ಪ್ರವೇಶ: ಸ್ವಂತ ಆಸ್ತಿಯನ್ನು ಕಾಪಾಡಿಕೊಳ್ಳಬೇಕೆಂದು ಯಾರೂ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಎಲ್ಲರಿಗೂ ಸೇರಿದ ಆಸ್ತಿಯ ಮಾತು ಬೇರೆ. ಸೇತುವೆ, ಶಾಲೆ, ರಸ್ತೆ, ಕೆರೆಗಳ ಲೆಕ್ಕವನ್ನು ಇಡುವುದು ಹೇಗೆ, ಆ ಲೆಕ್ಕವು ಸರಿಯಾದ ತೀರ್ಮಾನಕ್ಕೆ ಹೇಗೆ ನೆರವಾಗುತ್ತದೆ ಎಂಬುದನ್ನು ಮಲೆನಾಡಿನ ಮೂರು ತಾಲ್ಲೂಕುಗಳ ನಿದರ್ಶನದಿಂದ ಈ ಪಾಠವು ವಿವರಿಸುತ್ತದೆ.

ಮಲೆನಾಡಿನ ಗೃಹಸ್ಥನಿಗೆ ಮಳೆಗಾಲದ ಕೆಲಸ ಮಳೆ ಬಂದ ಮೇಲೆ ಆರಂಭವಾಗುವುದಿಲ್ಲ. ಬಿಸಿಲು ಇರುವಾಗಲೇ ಆರಂಭವಾಗುತ್ತದೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಅವನು ಮಾಡಿನ ಮೇಲೇರಿ ಹೆಂಚು ಕೈಯಾಡಿಸುತ್ತಾನೆ. ಒಡೆದುದನ್ನು ತೆಗೆದು ಹೊಸದನ್ನು ಹೊದಿಸುತ್ತಾನೆ. ಅಡಿಕೆ ತೋಟದ ಬಸಿಗಾಲುವೆಗಳ ಹೂಳನ್ನು ಎತ್ತಿಸುತ್ತಾನೆ. ಸೌದೆಯನ್ನು ಕೊಟ್ಟಿಗೆಗೆ ಸೇರಿಸುತ್ತಾನೆ. ಕೊಳೆರೋಗಕ್ಕೆ ಮದ್ದು ಹೊಡೆಯಲು ಮೈಲುತುತ್ತವನ್ನೂ ಸುಣ್ಣವನ್ನೂ ಮುಂಚಿತವಾಗಿ ತಂದಿಡುತ್ತಾನೆ. ಮೃಗಶಿರಾ ಮಳೆ ಹಿಡಿಯುವ ಹೊತ್ತಿಗೆ ಅವನ ಮನೆ ತೋಟಗಳು ಸಿದ್ಧವಾಗಿರುತ್ತವೆ. ಅವನ ಬಳಿ ಬರಹದ ಯೋಜನೆ ಯಾವುದೂ ಇಲ್ಲ. ಆದರೂ ಯಾವ ಮೂಲೆಯ ರೀಪಿಗೆ ಗೆದ್ದಲು ಹಿಡಿದಿದೆ, ಯಾವ ಕೆಲಸವನ್ನು ಮುಂದಿನ ವರ್ಷಕ್ಕೆ ತಳ್ಳಬಹುದು, ಯಾವುದನ್ನು ಒಂದು ದಿನವೂ ತಳ್ಳಲಾಗದು ಎಂಬುದನ್ನು ಅವನು ಚೆನ್ನಾಗಿ ಬಲ್ಲನು.

ಅದೇ ಗೃಹಸ್ಥನು ಅಂಗಳವನ್ನು ದಾಟಿ ಹೊರಗೆ ಬಂದಾಗ ಅವನ ಸುತ್ತ ಇನ್ನೊಂದು ಬಗೆಯ ಆಸ್ತಿ ಕಾಣುತ್ತದೆ. ರಸ್ತೆ, ರಸ್ತೆಯ ಅಡಿಯ ಮೋರಿ, ಹಳ್ಳಕ್ಕೆ ಹಾಕಿದ ಕಾಲುಸಂಕ, ಶಾಲೆಯ ಕಟ್ಟಡ, ಅಂಗನವಾಡಿ, ಆಸ್ಪತ್ರೆ, ನೀರಿನ ಟ್ಯಾಂಕು, ಕೆರೆ ಇವೆಲ್ಲವೂ ಊರೊಟ್ಟಿನ ಆಸ್ತಿ. ಇವುಗಳಿಗೆ ಒಬ್ಬ ಯಜಮಾನನಿಲ್ಲ, ಎಲ್ಲರೂ ಯಜಮಾನರು. ಎಲ್ಲರದೂ ಆದುದನ್ನು ಮತ್ತೊಬ್ಬರು ನೋಡಿಕೊಳ್ಳುತ್ತಾರೆಂದು ಪ್ರತಿಯೊಬ್ಬರೂ ಭಾವಿಸಿದರೆ ಕೊನೆಗೆ ಅದನ್ನು ನೋಡಿಕೊಳ್ಳುವವರು ಯಾರೂ ಇರುವುದಿಲ್ಲ. ಒಂದು ಮನೆಯ ಆಸ್ತಿಯನ್ನು ಯಜಮಾನನು ನೆನಪಿನಲ್ಲಿಯೇ ಇಟ್ಟುಕೊಳ್ಳಬಲ್ಲನು. ನೂರಾರು ಸೇತುವೆ ಕಟ್ಟಡಗಳ ಸ್ಥಿತಿಗತಿಯನ್ನು ಯಾವ ಅಧಿಕಾರಿಯೂ ನೆನಪಿನಲ್ಲಿ ಇಟ್ಟುಕೊಳ್ಳಲಾರನು. ಮೇಲಾಗಿ ಅಧಿಕಾರಿಗೆ ವರ್ಗವಾಗುತ್ತದೆ. ಪಂಚಾಯತಿಯ ಸದಸ್ಯರ ಅವಧಿ ಮುಗಿಯುತ್ತದೆ. ಸೇತುವೆಯು ಮಾತ್ರ ಅಲ್ಲಿಯೇ ನಿಂತು ಮಳೆಯಲ್ಲಿ ನೆನೆಯುತ್ತಿರುತ್ತದೆ. ಆದುದರಿಂದ ನೆನಪಿನ ಸ್ಥಾನದಲ್ಲಿ ಬರಹದ ಲೆಕ್ಕವೂ ಯೋಜನೆಯೂ ಬೇಕಾಗುತ್ತವೆ. ಇದನ್ನೇ ಇಂದು ಆಡಳಿತದ ಭಾಷೆಯಲ್ಲಿ ಆಸ್ತಿ ನಿರ್ವಹಣಾ ಯೋಜನೆ ಎಂದು ಕರೆಯುತ್ತಾರೆ.

ಚಿಕ್ಕಮಗಳೂರು ಜಿಲ್ಲೆಯ ಶೃಂಗೇರಿ, ಕೊಪ್ಪ, ನರಸಿಂಹರಾಜಪುರ ತಾಲ್ಲೂಕುಗಳು ಇಂತಹ ಯೋಜನೆಯ ಅಗತ್ಯವನ್ನು ತೋರಿಸಿಕೊಡುವ ನಾಡು. ಗಂಗಾಮೂಲದಲ್ಲಿ ಜೊತೆಯಾಗಿ ಹುಟ್ಟುವ ತುಂಗೆ, ಭದ್ರೆಯರಲ್ಲಿ ತುಂಗೆಯು ಶೃಂಗೇರಿ, ಹರಿಹರಪುರಗಳ ಮೂಲಕ ಹರಿದರೆ ಭದ್ರೆಯು ಬಾಳೆಹೊನ್ನೂರನ್ನು ಹಾದು ಜಲಾಶಯವನ್ನು ಸೇರುತ್ತದೆ. ಈ ನದಿಗಳಿಗೆ ಬಂದು ಕೂಡುವ ಹಳ್ಳಗಳು ಎಣಿಕೆಗೆ ಮೀರಿದವು. ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಆಗುಂಬೆಯು ಶೃಂಗೇರಿಯ ನೆರೆಯಲ್ಲಿಯೇ ಇದೆ. ತುಂಗೆ ಉಕ್ಕಿ ಹರಿದಾಗ ಶೃಂಗೇರಿಯ ಗಾಂಧಿ ಮೈದಾನವು ನೀರಿನಲ್ಲಿ ಮುಳುಗುವುದುಂಟು. ಪೂರ್ವದ ನರಸಿಂಹರಾಜಪುರದ ಕಡೆಗೆ ಸಾಗಿದಂತೆ ಮಳೆಯ ಪ್ರಮಾಣ ಇಳಿಯುತ್ತದೆ. ಬಯಲುಸೀಮೆಯಲ್ಲಿ ಹಲವು ವರ್ಷ ಬಾಳುವ ಡಾಂಬರು ಇಲ್ಲಿ ಅಷ್ಟು ಕಾಲ ಬಾಳದು. ಕಬ್ಬಿಣಕ್ಕೆ ಬೇಗನೆ ತುಕ್ಕು ಹಿಡಿಯುತ್ತದೆ, ಧರೆ ಕುಸಿಯುತ್ತದೆ, ಮರಕ್ಕೆ ಗೆದ್ದಲು ತಗಲುತ್ತದೆ. ದುರಸ್ತಿಗೆ ದೊರೆಯುವ ಒಣ ದಿನಗಳೋ ಕೆಲವೇ ತಿಂಗಳುಗಳದು. ಇಲ್ಲಿ ಮಾಡಬೇಕಾದುದನ್ನು ಮಾಡಬೇಕಾದ ಕಾಲದಲ್ಲಿ ಮಾಡದಿದ್ದರೆ ಒಂದು ವರ್ಷವೇ ಕೈಬಿಟ್ಟುಹೋಗುತ್ತದೆ.

ಹಾಗಾದರೆ ಈ ಯೋಜನೆಯಲ್ಲಿ ಏನಿರುತ್ತದೆ? ಅದು ಐದು ಸರಳ ಪ್ರಶ್ನೆಗಳಿಗೆ ಕೊಡುವ ಉತ್ತರ. ನಮ್ಮಲ್ಲಿ ಏನೇನು ಇದೆ? ಅದು ಯಾವ ಸ್ಥಿತಿಯಲ್ಲಿದೆ? ಅದನ್ನು ಯಾರು, ಎಷ್ಟು ಜನ ನಂಬಿಕೊಂಡಿದ್ದಾರೆ? ಅದರ ಬಾಳಿಕೆಯುದ್ದಕ್ಕೂ ಎಷ್ಟು ವೆಚ್ಚವಾಗುತ್ತದೆ? ಇರುವ ಹಣದಲ್ಲಿ ಯಾವ ಕೆಲಸ ಮೊದಲು, ಯಾವುದು ಆಮೇಲೆ?

ಮೊದಲನೆಯ ಪ್ರಶ್ನೆಯೇ ಹಲವೊಮ್ಮೆ ಉತ್ತರವಿಲ್ಲದೆ ಉಳಿಯುತ್ತದೆ. ರೈತನ ತುಂಡು ಭೂಮಿಗೂ ಪಹಣಿಯಿದೆ. ಅದರಲ್ಲಿ ಸರ್ವೆ ನಂಬರು, ವಿಸ್ತೀರ್ಣ, ಮಣ್ಣಿನ ಬಗೆ, ಬೆಳೆ ಎಲ್ಲವೂ ದಾಖಲಾಗಿರುತ್ತವೆ. ಸೇತುವೆಗೂ ಶಾಲೆಗೂ ಅಂತಹದೊಂದು ಪಹಣಿ ಬೇಡವೇ? ಕಟ್ಟಿದ ವರ್ಷ, ಬಳಸಿದ ಸಾಮಗ್ರಿ, ಕಡೆಯ ಬಾರಿ ದುರಸ್ತಿಯಾದ ದಿನ, ಈಗಿನ ಸ್ಥಿತಿ ಇಷ್ಟನ್ನು ಬರೆದಿಟ್ಟ ಒಂದು ವಹಿಯು ಮುಂದಿನ ಎಲ್ಲ ತೀರ್ಮಾನಗಳ ತಳಹದಿಯಾಗುತ್ತದೆ. ಭದ್ರಾ ಜಲಾಶಯದ ಪೂರ್ಣ ಮಟ್ಟ 186 ಅಡಿ. ಮಳೆಗಾಲದಲ್ಲಿ ಅದರ ಮಟ್ಟವನ್ನು ದಿನದಿನವೂ ಅಳೆದು ಪತ್ರಿಕೆಗಳಲ್ಲಿ ಪ್ರಕಟಿಸುತ್ತಾರೆ. ಆ ಅಂಕಿಯನ್ನು ನೋಡಿಯೇ ನಾಲೆಗೆ ನೀರು ಬಿಡುವ ತೀರ್ಮಾನವಾಗುತ್ತದೆ. ಅಳತೆಯಿಲ್ಲದೆ ನೀರು ಬಿಡುವುದನ್ನು ನಾವು ಒಪ್ಪುವುದಿಲ್ಲ. ಅಳತೆಯಿಲ್ಲದೆ ಹಣ ಬಿಡುವುದನ್ನು ಮಾತ್ರ ಏಕೆ ಒಪ್ಪಬೇಕು?

ಎರಡನೆಯದು ಸ್ಥಿತಿಯ ಪರೀಕ್ಷೆ. ಕಣ್ಣಿಗೆ ಗಟ್ಟಿಯಾಗಿ ಕಾಣುವುದೆಲ್ಲವೂ ಗಟ್ಟಿಯಲ್ಲ. ಅಮೆರಿಕದ ಓಹಿಯೋ ನದಿಗೆ 1928ರಲ್ಲಿ ಕಟ್ಟಿದ್ದ ಸಿಲ್ವರ್ ಬ್ರಿಡ್ಜ್ ಎಂಬ ತೂಗುಸೇತುವೆಯು 1967ರ ಡಿಸೆಂಬರ್ 15ರ ಸಂಜೆ ವಾಹನಗಳಿಂದ ತುಂಬಿದ್ದಾಗ ಕುಸಿದು 46 ಜನ ಮರಣ ಹೊಂದಿದರು. ಸೇತುವೆಯನ್ನು ಹಿಡಿದಿದ್ದ ಒಂದು ಉಕ್ಕಿನ ಪಟ್ಟಿಯಲ್ಲಿ ಮೂಡಿದ್ದ ಕೆಲವೇ ಮಿಲಿಮೀಟರ್ ಆಳದ ಬಿರುಕು ಆ ಅನರ್ಥಕ್ಕೆ ಕಾರಣವಾಗಿತ್ತು. ಆ ಬಳಿಕ, 1971ರಲ್ಲಿ, ಸೇತುವೆಗಳನ್ನು ನಿಯತಕಾಲದಲ್ಲಿ ಪರೀಕ್ಷಿಸುವ ನಿಯಮಗಳು ಆ ದೇಶದಲ್ಲೆಲ್ಲ ಜಾರಿಗೆ ಬಂದವು. ನಮ್ಮ ನಾಡಿನಲ್ಲಿಯೇ 2024ರ ಆಗಸ್ಟ್ 7ರ ನಡುರಾತ್ರಿ ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಅದರ ಮೇಲೆ ಸಾಗುತ್ತಿದ್ದ ಲಾರಿಯೊಂದು ನದಿಗೆ ಬಿತ್ತು; ಅದೃಷ್ಟವಶಾತ್ ಚಾಲಕನನ್ನು ಜೀವಸಹಿತ ಮೇಲೆತ್ತಲಾಯಿತು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆಯ ಬಾಗಿಲು ಹಾಕಿದರೆಂಬ ಗಾದೆಯು ಇಂತಹ ಸಂದರ್ಭಗಳಲ್ಲಿ ನೆನಪಾಗದೆ ಇರದು.

ಭಾರತ ಸರ್ಕಾರವು 2016ರಲ್ಲಿ ಸೇತುವೆಗಳ ನಿರ್ವಹಣೆಗೆಂದು ಒಂದು ವ್ಯವಸ್ಥೆಯನ್ನು ಆರಂಭಿಸಿತು. ಅದರಲ್ಲಿ ಪ್ರತಿಯೊಂದು ಸೇತುವೆಗೂ ಒಂದು ಗುರುತಿನ ಸಂಖ್ಯೆಯನ್ನು ಕೊಟ್ಟು, ಅದರ ರಚನೆ ಎಷ್ಟು ದೃಢವಾಗಿದೆ ಎಂಬುದಕ್ಕೆ ಒಂದು ಅಂಕವನ್ನೂ, ಸುತ್ತಲಿನ ಜನಜೀವನಕ್ಕೆ ಅದು ಎಷ್ಟು ಮುಖ್ಯ ಎಂಬುದಕ್ಕೆ ಇನ್ನೊಂದು ಅಂಕವನ್ನೂ ನೀಡುವ ಕ್ರಮವಿದೆ. ಈ ಎರಡು ಅಂಕಗಳು ಜೊತೆಯಾಗಿರುವುದು ಗಮನಿಸತಕ್ಕ ಸಂಗತಿ. ಬಹಳ ಶಿಥಿಲವಾದರೂ ಯಾರೂ ಬಳಸದ ಸೇತುವೆಗಿಂತ, ತುಸುವೇ ಶಿಥಿಲವಾದರೂ ಹತ್ತು ಹಳ್ಳಿಗಳಿಗೆ ಏಕೈಕ ದಾರಿಯಾದ ಸೇತುವೆಯ ಕಡೆಗೆ ಮೊದಲು ಗಮನ ಹರಿಯಬೇಕು. ಕಳಸದಿಂದ ಹೊರನಾಡಿಗೆ ಹೋಗುವ ದಾರಿಯಲ್ಲಿ ಭದ್ರೆಗೆ ಕಟ್ಟಿದ ಹೆಬ್ಬಾಳೆಯ ಸೇತುವೆ ಜಡಿಮಳೆಯಲ್ಲಿ ಮುಳುಗಿದಾಗ ಎಷ್ಟು ಜನರ ಸಂಚಾರ ನಿಲ್ಲುತ್ತಿತ್ತೆಂಬುದನ್ನು ಈ ಸೀಮೆಯವರು ಕಂಡವರೇ.

ಇನ್ನು ವೆಚ್ಚದ ಪ್ರಶ್ನೆ. ಮಲೆನಾಡಿನ ಮಕ್ಕಳು ಶಾಲೆಗೆ ಹೋಗುವಾಗ ದಾಟುವ ಕಾಲುಸಂಕಗಳನ್ನೇ ತೆಗೆದುಕೊಳ್ಳೋಣ. ಊರವರು ಅಡಿಕೆ ಮರಗಳನ್ನು ಜೋಡಿಸಿ, ಕೈಹಿಡಿಯಲು ಒಂದು ದಬ್ಬೆಯನ್ನು ಕಟ್ಟಿ ಸಂಕವನ್ನು ಮಾಡುತ್ತಾರೆ. ಅದು ಪಾಚಿಗಟ್ಟಿ ಜಾರುತ್ತದೆ; ವರ್ಷಕ್ಕೊಮ್ಮೆ ಹೊಸದಾಗಿ ಕಟ್ಟಬೇಕಾಗುತ್ತದೆ. ಮಳೆಗಾಲದಲ್ಲಿ ಹಳ್ಳ ದಾಟುವಾಗ ಮಕ್ಕಳು ಕೊಚ್ಚಿಹೋದ ದುರಂತಗಳು ಮಲೆನಾಡು, ಕರಾವಳಿಗಳಲ್ಲಿ ನಡೆದಿವೆ. ರಾಜ್ಯ ಸರ್ಕಾರವು ಶಾಲಾ ಸಂಪರ್ಕ ಸೇತು ಎಂಬ ಯೋಜನೆಯನ್ನು ಹಮ್ಮಿಕೊಂಡುದರ ಹಿಂದೆ ಈ ನೋವಿದೆ. ಸುಳ್ಯದ ಎಂಜಿನಿಯರ್ ಗಿರೀಶ್ ಭಾರದ್ವಾಜರು 1989ರಲ್ಲಿ ಅರಂಬೂರಿನ ಬಳಿ ಪಯಸ್ವಿನೀ ನದಿಗೆ ತೂಗುಸೇತುವೆಯನ್ನು ಕಟ್ಟಿದರು. ಅಲ್ಲಿಂದ ಮುಂದೆ ಅವರು ನೂರಕ್ಕೂ ಮಿಕ್ಕಿದ ಕಡೆಗಳಲ್ಲಿ ಇಂತಹ ಸೇತುವೆಗಳನ್ನು ಕಟ್ಟಿ, 2017ರಲ್ಲಿ ಪದ್ಮಶ್ರೀ ಪುರಸ್ಕಾರವನ್ನು ಪಡೆದರು.

ಈಗ ಒಂದು ಲೆಕ್ಕ ಮಾಡೋಣ. ಅಂಕಿಗಳು ಊಹೆಯವು, ತತ್ತ್ವ ಮಾತ್ರ ನಿಜವಾದುದು. ಮರದ ಸಂಕಕ್ಕೆ ವರ್ಷಕ್ಕೆ 20,000 ರೂಪಾಯಿ ಖರ್ಚು ಎಂದಿಟ್ಟುಕೊಳ್ಳಿ. ಬೆಲೆ ಏರದಿದ್ದರೆ 30 ವರ್ಷಗಳಿಗೆ 6,00,000 ರೂಪಾಯಿ ಆಗುತ್ತದೆ. ಕಬ್ಬಿಣದ ಸಂಕಕ್ಕೆ ಒಮ್ಮೆಗೆ 4,00,000 ರೂಪಾಯಿ. ಬಣ್ಣ ಬಳಿಯಲು, ಸಡಿಲವಾದ ಬೋಲ್ಟುಗಳನ್ನು ಬಿಗಿಯಲು ವರ್ಷಕ್ಕೆ 4,000 ರೂಪಾಯಿ. 30 ವರ್ಷಗಳಿಗೆ ಒಟ್ಟು 5,20,000 ರೂಪಾಯಿ. ಮೊದಲ ನೋಟಕ್ಕೆ ದುಬಾರಿಯೆನಿಸಿದುದೇ ಕೊನೆಗೆ ಅಗ್ಗವಾಯಿತು, ಜೀವಭಯವೂ ತಪ್ಪಿತು. ಆದರೆ ಕಥೆ ಇಲ್ಲಿಗೆ ಮುಗಿಯಲಿಲ್ಲ. ವರ್ಷದ ಆ 4,000 ರೂಪಾಯಿಯನ್ನು ಉಳಿಸುವ ಆಸೆಯಿಂದ ಬಣ್ಣ ಬಳಿಯದೆ ಬಿಟ್ಟರೆ ಏನಾಗುತ್ತದೆ? ತುಕ್ಕು ಹಿಡಿದ ಸಂಕವನ್ನು 15 ವರ್ಷಕ್ಕೆ ಕಿತ್ತು ಮತ್ತೆ ಕಟ್ಟಬೇಕಾದರೆ ಒಟ್ಟು ವೆಚ್ಚ 8,00,000 ರೂಪಾಯಿಗೆ ಏರುತ್ತದೆ. ಆಗ ಮರದ ಸಂಕಕ್ಕಿಂತಲೂ ಅದು ದುಬಾರಿ. ಕಟ್ಟುವ ತೀರ್ಮಾನದೊಡನೆ ಕಾಯುವ ತೀರ್ಮಾನವನ್ನೂ ಮಾಡದಿದ್ದರೆ ಕಟ್ಟಿದುದರ ಫಲ ನಮ್ಮ ಕೈಗೆ ದಕ್ಕುವುದಿಲ್ಲವೆಂಬುದೇ ಈ ಲೆಕ್ಕದ ತಾತ್ಪರ್ಯ.

ಇಂತಹ ತಿಳಿವಳಿಕೆಯು ಗ್ರಾಮಸಭೆಯಲ್ಲಿ ಹೇಗೆ ನೆರವಾಗುತ್ತದೆ ಎಂಬುದನ್ನು ನೋಡೋಣ. ಒಂದು ಪಂಚಾಯತಿಯಲ್ಲಿ 6,00,000 ರೂಪಾಯಿ ಇದೆಯೆಂದು ಭಾವಿಸೋಣ. ಬೇಡಿಕೆಗಳು ನಾಲ್ಕು: ಊರ ಬಾಗಿಲಿಗೆ ಸ್ವಾಗತ ಕಮಾನಿಗೆ 3,00,000, ಹೊಸ ಮೋರಿಗೆ 2,50,000, ಶಾಲೆಯ ಮಾಡಿನ ದುರಸ್ತಿಗೆ 1,00,000, ಶಾಲೆಯ ದಾರಿಯ ಕಾಲುಸಂಕಕ್ಕೆ 4,00,000. ಎಲ್ಲವೂ ಸೇರಿ 10,50,000 ರೂಪಾಯಿ ಆಯಿತು. ಲೆಕ್ಕವಿಲ್ಲದ ಕಡೆ ದನಿ ದೊಡ್ಡದಾದವರ ಮಾತು ನಡೆದು ಕಮಾನು, ಮೋರಿಗಳು ಮಂಜೂರಾಗುತ್ತವೆ. ಆಸ್ತಿ ವಹಿಯನ್ನು ತೆರೆದರೆ ಬೇರೆಯೇ ಚಿತ್ರ ಕಾಣುತ್ತದೆ. ಮೋರಿಯ ಕಲ್ಲುಕಟ್ಟಡ ಗಟ್ಟಿಯಾಗಿಯೇ ಇದೆ. ಹೂಳು ತುಂಬಿದ್ದರಿಂದ ನೀರು ರಸ್ತೆಯ ಮೇಲೆ ಹರಿಯುತ್ತಿದೆ. ಹೂಳೆತ್ತಿ ಪಕ್ಕದ ಗೋಡೆಯನ್ನು ಸರಿಪಡಿಸಲು 40,000 ರೂಪಾಯಿ ಸಾಕು. ಶಾಲೆಯ ಮಾಡಿನ ತೊಲೆಯ ತುದಿ ಕುಂಬಾಗಿದೆ. ಈ ಮಳೆಗಾಲವನ್ನು ಅದು ತಾಳಲಾರದು. ಕಾಲುಸಂಕವನ್ನು ದಿನಕ್ಕೆರಡು ಬಾರಿ ಮಕ್ಕಳು ದಾಟುತ್ತಾರೆ, ಬೇರೆ ದಾರಿಯಿಲ್ಲ. ಹೀಗೆ ನೋಡಿದಾಗ ಮಾಡು, ಸಂಕ, ಮೋರಿಯ ಹೂಳು ಈ ಮೂರಕ್ಕೂ ಸೇರಿ 5,40,000 ರೂಪಾಯಿ ಆಗುತ್ತದೆ. ಉಳಿದ 60,000 ರೂಪಾಯಿ ಮುಂದಿನ ನಿರ್ವಹಣೆಗೆ ಒದಗುತ್ತದೆ. ಕಮಾನು ಕಾಯಬಹುದು, ಮಳೆ ಕಾಯುವುದಿಲ್ಲ.

ಈ ವಿವೇಕ ನಮಗೆ ಹೊರಗಿನಿಂದ ಬಂದುದೆಂದು ತಿಳಿಯಬೇಕಾಗಿಲ್ಲ. ಕರ್ನಾಟಕದ ಶಾಸನಗಳಲ್ಲಿ ಬಿತ್ತುವಟ್ಟ, ಕೆರೆಗೊಡಗೆ ಎಂಬ ಮಾತುಗಳು ಮತ್ತೆ ಮತ್ತೆ ಬರುತ್ತವೆ. ಕೆರೆಯನ್ನು ಕಟ್ಟಿಸಿದವರು ಅದರ ಹೂಳೆತ್ತಲು, ಏರಿಯನ್ನು ಸರಿಪಡಿಸಲು ಒಂದಿಷ್ಟು ಭೂಮಿಯನ್ನು ಪ್ರತ್ಯೇಕವಾಗಿ ಬಿಟ್ಟುಕೊಡುತ್ತಿದ್ದರು. ಕಟ್ಟುವ ದಿನವೇ ಕಾಯುವ ವೆಚ್ಚಕ್ಕೂ ದಾರಿ ಮಾಡುತ್ತಿದ್ದರೆಂದಾಯಿತು. ವಿಜಯನಗರದ ಒಂದನೆಯ ಬುಕ್ಕರಾಯನ ಮಗ ಭಾಸ್ಕರನು ಇಂದಿನ ಆಂಧ್ರಪ್ರದೇಶದ ಕಡಪ ಸೀಮೆಯ ಪೋರುಮಾಮಿಳ್ಳದಲ್ಲಿ ಕೆರೆಯನ್ನು ಕಟ್ಟಿಸಿ 1369ರಲ್ಲಿ ಹಾಕಿಸಿದ ಶಾಸನವು, ಒಳ್ಳೆಯ ಕೆರೆಗೆ ಬೇಕಾದ 12 ಅಂಗಗಳನ್ನೂ ಕೆರೆಗೆ ಬರುವ 6 ದೋಷಗಳನ್ನೂ ಒಂದೊಂದಾಗಿ ಹೇಳುತ್ತದೆ. ಏರಿಯಿಂದ ನೀರು ಜಿನುಗುವುದು ಆ ದೋಷಗಳಲ್ಲಿ ಒಂದು. ಇಂದಿನ ಎಂಜಿನಿಯರರು ಕೈಯಲ್ಲಿ ಹಿಡಿಯುವ ಪರೀಕ್ಷಾ ಪಟ್ಟಿಗೆ ಅದು ಆರೂವರೆ ಶತಮಾನದಷ್ಟು ಹಿರಿಯದು. ಅದೇ ಶತಮಾನದಲ್ಲಿ ಶೃಂಗೇರಿಯಲ್ಲಿ ಎದ್ದ ವಿದ್ಯಾಶಂಕರ ದೇವಾಲಯವು ತುಂಗೆಯ ದಡದಲ್ಲಿ ಎತ್ತರವಾದ ಜಗತಿಯ ಮೇಲೆ ಇಂದಿಗೂ ನಿಂತಿದೆ. ನದಿಯು ಉಕ್ಕುತ್ತದೆಂಬ ಸತ್ಯವನ್ನು ಅರಿತು ಕಟ್ಟಿದವರ ದೂರದೃಷ್ಟಿಗೂ, ತಲೆಮಾರುಗಳಿಂದ ಅದನ್ನು ಕಾಯ್ದವರ ಶ್ರದ್ಧೆಗೂ ಅದು ಸಾಕ್ಷಿ.

ಕಾಯುವುದೆಂದರೆ ಎಲ್ಲವನ್ನೂ ಎಂದೆಂದಿಗೂ ಉಳಿಸಿಕೊಳ್ಳುವುದೆಂದು ಅರ್ಥವಲ್ಲ. ಹಿಂದೆ ಎಡೇಹಳ್ಳಿ ಎನಿಸಿದ್ದ ನರಸಿಂಹರಾಜಪುರಕ್ಕೆ ಮೈಸೂರು ಅರಸರ ಕಾಲದಲ್ಲಿ ತರೀಕೆರೆಯಿಂದ ಸಣ್ಣ ಅಳತೆಯ ರೈಲುದಾರಿಯಿತ್ತು. ಇಂದು ಅದು ಇಲ್ಲ. 1960ರ ದಶಕದಲ್ಲಿ ಲಕ್ಕವಳ್ಳಿಯ ಅಣೆಕಟ್ಟು ಪೂರ್ಣಗೊಂಡು ಹಿನ್ನೀರು ಹರಡಿದಾಗ ಹಳ್ಳಿಗಳೂ ಹಳೆಯ ದಾರಿಗಳೂ ನೀರಿನ ಅಡಿ ಸೇರಿದವು. ಜನರ ಅಗತ್ಯಗಳು ಬದಲಾದವು. ಕಾಲ ಬದಲಾದಂತೆ ಯಾವುದನ್ನು ಉಳಿಸಬೇಕು, ಯಾವುದನ್ನು ಬೇರೆ ಕೆಲಸಕ್ಕೆ ಬಳಸಬೇಕು, ಯಾವುದನ್ನು ಬಿಟ್ಟುಬಿಡಬೇಕು ಎಂಬುದನ್ನೂ ಯೋಜನೆಯು ಹೇಳಬೇಕು. ಆದುದರಿಂದ ಅದು ದೂರವನ್ನು ನೋಡಬೇಕು. ನ್ಯೂಜಿಲೆಂಡ್ ದೇಶವು 2014ರಲ್ಲಿ ತಿದ್ದಿದ ತನ್ನ ಕಾನೂನಿನಲ್ಲಿ, ಸ್ಥಳೀಯ ಸಂಸ್ಥೆಗಳು ರಸ್ತೆ, ನೀರು ಮೊದಲಾದವುಗಳ ಬಗೆಗೆ ಕನಿಷ್ಠ 30 ವರ್ಷಗಳ ಮುಂದಾಲೋಚನೆಯನ್ನು ಬರೆದು ಪ್ರಕಟಿಸಬೇಕೆಂದು ವಿಧಿಸಿತು. ಐದು ವರ್ಷಕ್ಕೆ ಆರಿಸಿಬಂದವರು ಮೂವತ್ತು ವರ್ಷದ ಮಾತನ್ನು ಆಡುವಂತೆ ಮಾಡುವುದು ಲೆಕ್ಕದ ದೊಡ್ಡ ಉಪಕಾರ.

ಹೀಗಿದ್ದರೂ ಲೆಕ್ಕವೇ ಎಲ್ಲವೂ ಅಲ್ಲ. ವಹಿಯನ್ನು ಕಚೇರಿಯಲ್ಲಿ ಕುಳಿತು ತುಂಬಿಸಿದರೆ ಅದು ಸುಳ್ಳಿನ ಕಂತೆಯಾಗುತ್ತದೆ. ತುಂಬಿಸಿ ಕಪಾಟಿನಲ್ಲಿ ಇಟ್ಟರೆ ಗೆದ್ದಲಿಗೆ ಆಹಾರವಾಗುತ್ತದೆ. ಬಳಸುವವರ ಸಂಖ್ಯೆಯನ್ನು ಮಾತ್ರ ನೋಡಿದರೆ ಕಾಡಿನ ಅಂಚಿನ ಎರಡು ಮನೆಗಳ ಸಂಕವು ಎಂದಿಗೂ ಪಟ್ಟಿಯ ಮೇಲ್ತುದಿಗೆ ಬರುವುದಿಲ್ಲ. ಆ ಮನೆಯಲ್ಲಿ ಬಸುರಿ ಹೆಂಗಸೋ ಹಾಸಿಗೆ ಹಿಡಿದ ವೃದ್ಧರೋ ಇರಬಹುದು. ಅಂಕಿಯು ಕಾಣದುದನ್ನು ಮನುಷ್ಯನ ಕಣ್ಣು ಕಾಣಬೇಕು. ಗ್ರಾಮಸಭೆಯಲ್ಲಿ ಆ ಮಾತನ್ನು ಎತ್ತುವವರು ಬೇಕು. ತೀರ್ಮಾನವನ್ನು ಮಾಡುವವರು ಜನರು. ಯೋಜನೆಯು ಅವರ ಕೈಯ ದೀಪ ಮಾತ್ರ.

ವಿದ್ಯಾರ್ಥಿಗಳೇ, ಈ ವಿಷಯವು ದೊಡ್ಡವರದು ಮಾತ್ರವೆಂದು ಭಾವಿಸಬೇಡಿ. ನಿಮ್ಮ ಶಾಲೆಯ ಯಾವ ಕೊಠಡಿ ಸೋರುತ್ತದೆ, ದಾರಿಯ ಯಾವ ಸಂಕ ಅಲುಗಾಡುತ್ತದೆ ಎಂಬುದನ್ನು ಯಾವ ಅಧಿಕಾರಿಗಿಂತಲೂ ಮೊದಲು ಅರಿಯುವವರು ನೀವೇ. ಅರಿತುದನ್ನು ದಿನಾಂಕ ಸಹಿತ ಬರೆದಿಡಿ. ನಿಮ್ಮ ಗುರುಗಳಿಗೂ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೂ ತಿಳಿಸಿ. ಹದಿನೆಂಟು ತುಂಬಿದ ಮೇಲೆ ಗ್ರಾಮಸಭೆಯಲ್ಲಿ ನೀವೂ ಕುಳಿತುಕೊಳ್ಳುವಿರಿ. ಅಂದು ಹೊಸದೇನನ್ನು ಕಟ್ಟಿಸುತ್ತೀರಿ ಎಂದು ಕೇಳುವುದರ ಜೊತೆಗೆ, ಇರುವುದನ್ನು ಹೇಗೆ ಕಾಯುತ್ತೀರಿ ಎಂದೂ ಕೇಳಿರಿ.

ಪದಗಳ ಅರ್ಥ

ಊರೊಟ್ಟು – ಊರಿನ ಎಲ್ಲರಿಗೂ ಸೇರಿದ. ಕಾಲುಸಂಕ – ನಡೆದು ದಾಟುವ ಕಿರುಸೇತುವೆ. ದಬ್ಬೆ – ಅಡಿಕೆ ಮರದ ಸೀಳು. ಧರೆ – ಕಡಿದಾದ ಮಣ್ಣಿನ ದಿಬ್ಬ. ಬಸಿಗಾಲುವೆ – ನೀರು ಬಸಿದುಹೋಗುವ ಕಾಲುವೆ. ಕುಂಬಾಗು – ಮರ ಕೊಳೆತು ಟೊಳ್ಳಾಗು. ಜಗತಿ – ದೇವಾಲಯದ ಎತ್ತರವಾದ ಕಟ್ಟೆ. ವಹಿ – ಲೆಕ್ಕದ ಪುಸ್ತಕ.

ಅಭ್ಯಾಸ

ಅ. ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ಹಿಂದೆ ನರಸಿಂಹರಾಜಪುರಕ್ಕೆ ಯಾವ ಹೆಸರಿತ್ತು?
2. ಭದ್ರಾ ಜಲಾಶಯದ ಪೂರ್ಣ ಮಟ್ಟವೆಷ್ಟು?
3. ಪೋರುಮಾಮಿಳ್ಳದ ಶಾಸನವನ್ನು ಹಾಕಿಸಿದವರು ಯಾರು?

ಆ. ಎರಡು ಮೂರು ವಾಕ್ಯಗಳಲ್ಲಿ ಉತ್ತರಿಸಿರಿ.
1. ಊರೊಟ್ಟಿನ ಆಸ್ತಿಗೆ ಬರಹದ ಲೆಕ್ಕ ಏಕೆ ಬೇಕು?
2. ಸೇತುವೆಗಳಿಗೆ ಎರಡು ಬಗೆಯ ಅಂಕಗಳನ್ನು ಕೊಡುವುದರ ಪ್ರಯೋಜನವೇನು?

ಇ. ಎಂಟು ಹತ್ತು ವಾಕ್ಯಗಳಲ್ಲಿ ಉತ್ತರಿಸಿರಿ.
1. ಮರದ ಸಂಕ, ಕಬ್ಬಿಣದ ಸಂಕಗಳ ವೆಚ್ಚವನ್ನು ಹೋಲಿಸಿ, ನಿರ್ವಹಣೆಯ ಮಹತ್ತ್ವವನ್ನು ವಿವರಿಸಿರಿ.
2. ಲೆಕ್ಕಕ್ಕೂ ಮಿತಿಯುಂಟೆಂದು ಲೇಖಕರು ಹೇಳಲು ಕಾರಣವೇನು?

ಈ. ಸಂದರ್ಭ ಸೂಚಿಸಿ ಸ್ವಾರಸ್ಯವನ್ನು ವಿವರಿಸಿರಿ.
1. "ಕಮಾನು ಕಾಯಬಹುದು, ಮಳೆ ಕಾಯುವುದಿಲ್ಲ."
2. "ಅಂಕಿಯು ಕಾಣದುದನ್ನು ಮನುಷ್ಯನ ಕಣ್ಣು ಕಾಣಬೇಕು."

ಉ. ಬಿಡಿಸಿ ಬರೆದು ಸಂಧಿಯನ್ನು ಹೆಸರಿಸಿರಿ: ಊರೊಟ್ಟು, ಮಳೆಗಾಲ, ಕೆರೆಗೊಡಗೆ, ಜಲಾಶಯ.

ಊ. ನಿಮ್ಮ ಶಾಲೆಯ ಐದು ವಸ್ತುಗಳನ್ನೋ ಕೊಠಡಿಗಳನ್ನೋ ಆರಿಸಿಕೊಂಡು, ಅವುಗಳ ವಯಸ್ಸು, ಸ್ಥಿತಿ, ಬೇಕಾದ ದುರಸ್ತಿ ಇವುಗಳ ಪಟ್ಟಿಯನ್ನು ಸಿದ್ಧಪಡಿಸಿರಿ. ಯಾವುದು ಮೊದಲು ಆಗಬೇಕೆಂಬುದನ್ನು ತರಗತಿಯಲ್ಲಿ ಚರ್ಚಿಸಿರಿ.